ಹೊರೆಗೆ ತಕ್ಕ ಬೈಕು, ದಾರಿಗೆ ತಕ್ಕ ಬ್ರೇಕು

ಬೆಳಗಿನ ಜಾವ ನಾಲ್ಕೂವರೆಗೆ ಕೋಣನಕುಂಟೆ ಕ್ರಾಸಿನಲ್ಲಿ ನಿಂತು ನೋಡಬೇಕು. ಕನಕಪುರ ರಸ್ತೆಯ ಕತ್ತಲಿನಿಂದ ಒಂದೊಂದೇ ದೀಪ ಹೊರಬರುತ್ತದೆ. ದೀಪದ ಹಿಂದೆ ಬೈಕು ಕಾಣುವುದಿಲ್ಲ, ಸವಾರನೂ ಸರಿಯಾಗಿ ಕಾಣುವುದಿಲ್ಲ. ಕೊತ್ತಂಬರಿ, ದಂಟು, ಮೆಂತ್ಯದ ಕಟ್ಟುಗಳ ಗುಡ್ಡವೊಂದು ತಾನಾಗಿ ಉರುಳಿ ಬರುವಂತೆ ತೋರುತ್ತದೆ. ಕಗ್ಗಲೀಪುರ, ಹಾರೋಹಳ್ಳಿ ಕಡೆಯ ರೈತರು ಕೃಷ್ಣರಾಜ ಮಾರುಕಟ್ಟೆಗೆ ಹೊರಟ ಹೊತ್ತು ಅದು. ಒಂದು ಕಾಲಕ್ಕೆ ಕೋಣನಕುಂಟೆಯೂ ಹೊಲ, ಕೆರೆ ಇದ್ದ ಹಳ್ಳಿ. ಈಗ ನಗರದ ಒಳಗೆ ಸೇರಿಹೋಗಿದೆ. 2021ರ ಜನವರಿಯಿಂದ ಕ್ರಾಸಿನ ನೆತ್ತಿಯ ಮೇಲೆ ಮೆಟ್ರೋ ರೈಲೂ ಓಡುತ್ತಿದೆ. ಆದರೂ ನಸುಕಿನಲ್ಲಿ ಆ ರಸ್ತೆ ರೈತನದೇ.

ಆ ಸಾಲಿನಲ್ಲಿ ನಾನೂ ಇದ್ದವನು. ಮನೆ ಕೋಣನಕುಂಟೆಯಲ್ಲಿ, ಹೊಲ ಕಗ್ಗಲೀಪುರದ ಆಚೆ. ನಾಲ್ಕು ವರ್ಷದ ಕೆಳಗೆ ಕಾರ್ತಿಕ ಮಾಸದ ಒಂದು ಬೆಳಗ್ಗೆ, ತುಂತುರು ಮಳೆಯಲ್ಲಿ, ಇದೇ ಕ್ರಾಸಿನ ಹತ್ತಿರ ಯಾರೋ ಒಬ್ಬರು ರಸ್ತೆ ದಾಟಿದರು. ಕಾಲಿನ ಬ್ರೇಕನ್ನು ಒತ್ತಿ ಹಿಡಿದೆ. ಹಿಂದಿನ ಚಕ್ರ ತಿರುಗುವುದನ್ನು ನಿಲ್ಲಿಸಿತು, ಜಾರುವುದನ್ನು ನಿಲ್ಲಿಸಲಿಲ್ಲ. ಸೊಪ್ಪಿನ ಹೊರೆ ನನಗಿಂತ ಎತ್ತರ ಇತ್ತು. ಅದು ಎಡಕ್ಕೆ ವಾಲಿತು, ನಾನೂ ಅದರ ಜೊತೆ ಹೋದೆ. ತಲೆಗೆ ಹೆಲ್ಮೆಟ್ ಇದ್ದುದರಿಂದ ಇವತ್ತು ಈ ಲೇಖನ ಬರೆಯುತ್ತಿದ್ದೇನೆ. ಭುಜದ ಎಲುಬು ಮುರಿಯಿತು. ಅದು ರಾಗಿ ಕೊಯ್ಲಿನ ಕಾಲ. ಎರಡು ತಿಂಗಳು ಕುಡುಗೋಲು ಮುಟ್ಟಲಾಗಲಿಲ್ಲ. ಕೊಯ್ಲು, ಕಣ, ಸಾಗಣೆ ಎಲ್ಲಕ್ಕೂ ಕೂಲಿ ಕೊಟ್ಟು, ಆ ವರ್ಷದ ರಾಗಿಯಲ್ಲಿ ಉಳಿದದ್ದು ಮನೆಗೆ ಹಿಟ್ಟಾಯಿತು, ಅಷ್ಟೆ.

ತಪ್ಪು ಗಾಡಿಯದಲ್ಲ. ಗಾಡಿ ಆರಿಸಿದವನು ಮಗ, ಕಂತು ಕಟ್ಟಿದವನು ನಾನು. ನೂರೈವತ್ತು ಸಿ.ಸಿ., ಹಿಂದಿನ ಸೀಟು ಮೇಲಕ್ಕೆ ಎದ್ದ ಚೆಂದದ ಬೈಕು. ಇಬ್ಬರು ಹುಡುಗರು ಪೇಟೆ ಸುತ್ತುವುದಕ್ಕೆ ಮಾಡಿದ ಗಾಡಿಗೆ ಅರವತ್ತು ಕಿಲೋ ಸೊಪ್ಪು ಹೇರಿದವನು ನಾನು. ಆ ಪೆಟ್ಟಿನಿಂದ ಕಲಿತದ್ದನ್ನು ಇಲ್ಲಿ ಹೇಳುತ್ತಿದ್ದೇನೆ. ಬೈಕು ಕೊಳ್ಳುವ ಆಲೋಚನೆಯಲ್ಲಿರುವ ರೈತ ಬಾಂಧವರಿಗೆ ಉಪಯೋಗವಾದೀತು.

ಎತ್ತು ಕೊಂಡಂತೆ ಕೊಳ್ಳಬೇಕು

ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಲ್ಲಿ ಎತ್ತು ಕೊಳ್ಳುವ ರೈತನನ್ನು ನೋಡಿ. ಬಾಯಿ ಬಿಡಿಸಿ ಹಲ್ಲು ಎಣಿಸುತ್ತಾನೆ, ಸುಳಿ ನೋಡುತ್ತಾನೆ, ಗೊರಸು ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸಿ ನೋಡುತ್ತಾನೆ. ನನ್ನ ಹೊಲ ಕೆಮ್ಮಣ್ಣೋ, ಎರೆಯೋ, ಈ ಜೋಡಿ ಅಲ್ಲಿ ಎಳೆದೀತೇ ಎಂದು ಯೋಚಿಸುತ್ತಾನೆ. ಅದೇ ರೈತ ಬೈಕಿನ ಅಂಗಡಿಗೆ ಹೋದರೆ ಬಣ್ಣ ನೋಡಿ, ಕಂತು ಕೇಳಿ, ರುಜು ಹಾಕಿ ಬರುತ್ತಾನೆ. ಹೀಗೇಕೆ?

ಹಿಂದೆ ಆರಿಸಿಕೊಳ್ಳಲು ಹೆಚ್ಚೇನೂ ಇರಲಿಲ್ಲ ಎಂಬುದು ಒಂದು ಕಾರಣ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ ಜಾವಾ, 1973ರಿಂದ ಯೆಜ್ಡಿ ಹೆಸರಿನಲ್ಲಿ ಗಾಡಿಗಳು ತಯಾರಾದವು. ಕಿಕ್ ಹೊಡೆಯುವ ಸನ್ನೆಯನ್ನೇ ಮುಂದಕ್ಕೆ ಮಡಿಸಿದರೆ ಗೇರಾಗುತ್ತಿದ್ದ ಆ ಗಾಡಿಗೆ ಪೆಟ್ರೋಲಿನ ಜೊತೆ ಎಣ್ಣೆ ಬೆರೆಸಿ ಹಾಕಬೇಕಿತ್ತು. ಕಾರ್ಖಾನೆ 1996ರಲ್ಲಿ ಮುಚ್ಚಿತು. ಆ ಹೆಸರುಗಳಲ್ಲಿ 2018ರಿಂದ ಮತ್ತೆ ಬಂದಿರುವ ಗಾಡಿಗಳು ಬೇರೆಯವೇ. ಅನುಕೂಲಸ್ಥರ ಮನೆಯಲ್ಲಿ ಬುಲೆಟ್ಟು, ಕೆಲವರಲ್ಲಿ ರಾಜದೂತ ಇರುತ್ತಿತ್ತು. 1980ರಲ್ಲಿ ಪಕ್ಕದ ಹೊಸೂರಿನಿಂದ ಟಿ.ವಿ.ಎಸ್. 50 ಮೊಪೆಡ್ ಬಂತು. 1985ರಲ್ಲಿ ಹೀರೋ ಹೋಂಡಾ ಸಿ.ಡಿ. 100 ಬಂದು, ಎಣ್ಣೆ ಬೆರೆಸುವ ಗೋಜಿಲ್ಲದೆ ಕಡಿಮೆ ಪೆಟ್ರೋಲಿನಲ್ಲಿ ಓಡುವ ಗಾಡಿ ಹೇಗಿರುತ್ತದೆಂದು ತೋರಿಸಿತು. ಈಗ ಪರಿಸ್ಥಿತಿ ತಿರುಗಿದೆ. ಒಂದೇ ಕಂಪನಿಯಲ್ಲಿ ಹತ್ತು ಬಗೆ. ಆದ್ದರಿಂದ ಅಂಗಡಿಗೆ ಹೋಗುವ ಮೊದಲೇ ಮನೆಯಲ್ಲಿ ಮೂರು ಪ್ರಶ್ನೆಗಳಿಗೆ ಉತ್ತರ ಬರೆದುಕೊಳ್ಳಬೇಕು: ಏನು ಹೊರಬೇಕು? ಎಂಥ ದಾರಿ? ದಿನಕ್ಕೆ ಎಷ್ಟು ದೂರ?

ಹೊರೆಯ ಲೆಕ್ಕ

ಗಾಡಿಯ ಜೊತೆ ಕೊಡುವ ಪುಸ್ತಕವನ್ನು ಬಿಚ್ಚಿ ನೋಡುವವರು ಕಡಿಮೆ. ಅದರಲ್ಲಿ ಗಾಡಿ ಹೊರಬಹುದಾದ ಒಟ್ಟು ಭಾರವನ್ನು ಬರೆದಿರುತ್ತಾರೆ. ನೂರು ಸಿ.ಸಿ. ಸುಮಾರಿನ ಹಲವು ಗಾಡಿಗಳಿಗೆ ಇದು ಸವಾರನೂ ಸೇರಿ 130 ಕಿಲೋ ಆಸುಪಾಸು. 65 ಕಿಲೋ ತೂಗುವ ರೈತ ಒಂದು 50 ಕಿಲೋ ಗೊಬ್ಬರದ ಚೀಲ ಹಾಕಿಕೊಂಡರೆ 115 ಆಯಿತು, ಸರಿ. ಚೀಲದ ಮೇಲೆ ಹೆಂಡತಿಯನ್ನೂ ಕೂರಿಸಿಕೊಂಡರೆ ಲೆಕ್ಕ ಮೀರಿತು. ಗಾಡಿ ಆಗಲೂ ಓಡುತ್ತದೆ. ಆದರೆ ನಿಲ್ಲಿಸಬೇಕಾದಾಗ ಮಾತು ಕೇಳುವುದಿಲ್ಲ.

ಭಾರ ಎಷ್ಟು ಎಂಬುದರಷ್ಟೇ ಮುಖ್ಯ ಅದು ಎಲ್ಲಿ ಕೂತಿದೆ ಎಂಬುದು. ಎತ್ತರಕ್ಕೆ ಕಟ್ಟಿದ ಹೊರೆ ತಿರುವಿನಲ್ಲಿ ಗಾಡಿಯನ್ನು ಎಳೆಯುತ್ತದೆ. ತೀರಾ ಹಿಂದಕ್ಕೆ ಕಟ್ಟಿದರೆ ಮುಂದಿನ ಚಕ್ರ ಹಗುರಾಗಿ ಹ್ಯಾಂಡಲ್ ತೇಲುತ್ತದೆ. ಒಂದೇ ಪಕ್ಕಕ್ಕೆ ಹಾಲಿನ ಕ್ಯಾನು ತೂಗುಹಾಕಿದವರು ದಾರಿಯುದ್ದಕ್ಕೂ ಇನ್ನೊಂದು ಪಕ್ಕಕ್ಕೆ ವಾಲಿಕೊಂಡು ಹೋಗುವುದನ್ನು ನೀವು ನೋಡಿದ್ದೀರಿ. ಹೊರೆ ತಗ್ಗಿನಲ್ಲಿರಬೇಕು, ಎರಡೂ ಪಕ್ಕಕ್ಕೆ ಸಮನಾಗಿರಬೇಕು, ಆದಷ್ಟು ಸವಾರನ ಬೆನ್ನಿಗೆ ಹತ್ತಿರ ಇರಬೇಕು.

ಆದ್ದರಿಂದ ಹೊರುವ ಕೆಲಸ ಇದ್ದವರು ಉದ್ದವಾದ ಚಪ್ಪಟೆ ಸೀಟು, ಗಟ್ಟಿ ಕ್ಯಾರಿಯರ್ ಕೂರಿಸಲು ಜಾಗ ಇರುವ ಗಾಡಿ ನೋಡಬೇಕು. ನೂರು, ನೂರಿಪ್ಪತ್ತೈದು ಸಿ.ಸಿ.ಯ ಸಾದಾ ಗಾಡಿಗಳು ಈ ಕೆಲಸಕ್ಕೆ ಒದಗುತ್ತವೆ. ದಿನವೂ ಹೊರುವುದೇ ಕೆಲಸ, ದೂರ ಕಡಿಮೆ, ದಾರಿ ಊರೊಳಗಿನದು ಎಂಬವರಿಗೆ ಟಿ.ವಿ.ಎಸ್. ಎಕ್ಸ್.ಎಲ್. 100 ಬಗೆಯ ಮೊಪೆಡ್ಡೇ ಮೇಲು. ಅದಕ್ಕೆ ಗೇರಿಲ್ಲ, ಕಾಲಿನ ಮುಂದೆ ಮೂಟೆ ಇಡಲು ಜಾಗವಿದೆ, ಕೆಳಮಟ್ಟದಲ್ಲಿ ಇರುವುದರಿಂದ ಹೆಂಗಸರೂ ವಯಸ್ಸಾದವರೂ ಕಾಲೂರಿ ನಿಲ್ಲಬಹುದು. ಆದರೆ ಲಾರಿ ಬಸ್ಸುಗಳ ಜೊತೆ ಹೆದ್ದಾರಿಯಲ್ಲಿ ಓಡುವುದಕ್ಕೆ ಅದು ಹೇಳಿದ್ದಲ್ಲ.

ನಿಲ್ಲಿಸುವುದರ ಲೆಕ್ಕ

ಬೈಕು ಎಷ್ಟು ಓಡುತ್ತದೆಂದು ಎಲ್ಲರೂ ಕೇಳುತ್ತಾರೆ. ಎಷ್ಟರಲ್ಲಿ ನಿಲ್ಲುತ್ತದೆಂದು ಕೇಳುವವರಿಲ್ಲ. ಗಂಟೆಗೆ 40 ಕಿಲೋಮೀಟರು ವೇಗದಲ್ಲಿ ಗಾಡಿ ಒಂದು ಸೆಕೆಂಡಿಗೆ 11 ಮೀಟರು ಹೋಗುತ್ತದೆ. ಅಡ್ಡ ಬಂದದ್ದನ್ನು ಕಣ್ಣು ಕಂಡು ಕೈಕಾಲು ಬ್ರೇಕಿಗೆ ಹೋಗುವಷ್ಟರಲ್ಲಿ ಆ ಒಂದು ಸೆಕೆಂಡು ಕಳೆದಿರುತ್ತದೆ. ಬ್ರೇಕಿನ ಕೆಲಸ ಆಮೇಲೆ ಶುರು. ವೇಗ ಎರಡು ಪಟ್ಟಾದರೆ ಬ್ರೇಕು ಹಿಡಿದ ಮೇಲೆ ನಿಲ್ಲಲು ಬೇಕಾದ ದೂರ ನಾಲ್ಕು ಪಟ್ಟಾಗುತ್ತದೆ. ಒದ್ದೆ ರಸ್ತೆಯಲ್ಲಿ ಇನ್ನೂ ಹೆಚ್ಚು.

ನಮ್ಮಲ್ಲಿ ಬಹಳ ಜನ ಮುಂದಿನ ಬ್ರೇಕಿಗೆ ಹೆದರುತ್ತಾರೆ; ಕಾಲಿನ ಬ್ರೇಕೊಂದನ್ನೇ ನಂಬುತ್ತಾರೆ. ನಾನೂ ಹಾಗೆಯೇ ಇದ್ದೆ. ಬ್ರೇಕು ಹಿಡಿದಾಗ ಭಾರವೆಲ್ಲ ಮುಂದಿನ ಚಕ್ರಕ್ಕೆ ಬೀಳುತ್ತದೆ, ಆದ್ದರಿಂದ ನಿಲ್ಲಿಸುವ ಶಕ್ತಿ ಹೆಚ್ಚಾಗಿ ಮುಂದಿನ ಬ್ರೇಕಿಗೇ ಇದೆ. ಎರಡನ್ನೂ ಒಟ್ಟಿಗೆ, ಎಳೆಯದೆ ಹಿಂಡುತ್ತ ಹಿಡಿಯುವುದನ್ನು ಖಾಲಿ ಬಯಲಿನಲ್ಲಿ ಅಭ್ಯಾಸ ಮಾಡಬೇಕು. ಮರಳು, ಕೆಸರು, ತಿರುವಿನಲ್ಲಿ ಮಾತ್ರ ಮುಂದಿನದನ್ನು ಹಗುರವಾಗಿ ಬಳಸಬೇಕು.

2019ರ ಏಪ್ರಿಲಿನಲ್ಲಿ ಜಾರಿಗೆ ಬಂದ ನಿಯಮದಂತೆ 125 ಸಿ.ಸಿ.ಗಿಂತ ದೊಡ್ಡ ಹೊಸ ಗಾಡಿಗಳಿಗೆ ಎ.ಬಿ.ಎಸ್. ಇರಬೇಕು, ಅದಕ್ಕಿಂತ ಚಿಕ್ಕವಕ್ಕೆ ಕಡೇಪಕ್ಷ ಸಿ.ಬಿ.ಎಸ್. ಇರಬೇಕು. ಎ.ಬಿ.ಎಸ್. ಎಂದರೆ ಚಕ್ರ ಪೂರ್ತಿ ಬಿಗಿದುಕೊಂಡು ಜಾರದಂತೆ ಬ್ರೇಕನ್ನು ಹಿಡಿದು ಬಿಡುವ ಏರ್ಪಾಟು. ಹಲವು ಗಾಡಿಗಳಲ್ಲಿ ಇದು ಮುಂದಿನ ಚಕ್ರಕ್ಕೆ ಮಾತ್ರ. ನನ್ನದೂ ಹಾಗೇ ಇತ್ತು, ಹಿಂದಿನದು ಜಾರಿತು. ಸಿ.ಬಿ.ಎಸ್. ಎಂದರೆ ಒಂದು ಬ್ರೇಕು ಒತ್ತಿದರೆ ಎರಡೂ ಚಕ್ರಕ್ಕೆ ಪಾಲು ಹಂಚುವ ಏರ್ಪಾಟು. ಕೊಳ್ಳುವ ಗಾಡಿಯಲ್ಲಿ ಯಾವುದಿದೆ, ಯಾವ ಚಕ್ರಕ್ಕಿದೆ ಎಂದು ಕೇಳಿ ತಿಳಿದುಕೊಳ್ಳಬೇಕು.

ಪೆಟ್ರೋಲು ಮತ್ತು ಕಂತು

ದಿನಕ್ಕೆ 40 ಕಿಲೋಮೀಟರಿನಂತೆ ವರ್ಷದಲ್ಲಿ 300 ದಿನ ಓಡಿಸಿದರೆ 12,000 ಕಿಲೋಮೀಟರು. ಲೀಟರಿಗೆ 60 ಕೊಡುವ ಗಾಡಿಗೆ 200 ಲೀಟರು ಬೇಕು. 40 ಕೊಡುವ ಗಾಡಿಗೆ 300. ಲೀಟರಿಗೆ ನೂರು ರೂಪಾಯಿ ಎಂದು ಹಿಡಿದರೂ ವ್ಯತ್ಯಾಸ ವರ್ಷಕ್ಕೆ 10,000 ರೂಪಾಯಿ. ಐದು ವರ್ಷಕ್ಕೆ ಅದು ಒಂದು ಒಳ್ಳೆ ಕರುವಿನ ಬೆಲೆ.

ಕಂತಿನ ಮಾತು ಇನ್ನೂ ಎಚ್ಚರದ್ದು. 80,000 ರೂಪಾಯಿ ಸಾಲ, ನೂರಕ್ಕೆ ಹತ್ತರಂತೆ ಮೂರು ವರ್ಷ ಎನ್ನುತ್ತಾರೆ. ಬಡ್ಡಿ 24,000, ಒಟ್ಟು 1,04,000. ತಿಂಗಳಿಗೆ ಸುಮಾರು 2,890. ಕೇಳಲು ಹಗುರ. ಆದರೆ ಅಸಲು ತಿಂಗಳು ತಿಂಗಳೂ ತೀರುತ್ತಿದ್ದರೂ ಬಡ್ಡಿಯನ್ನು ಮೂರು ವರ್ಷವೂ ಪೂರ್ತಿ 80,000ದ ಮೇಲೇ ಹಾಕಿದ್ದಾರೆ. ಉಳಿದ ಅಸಲಿನ ಮೇಲೆ ಲೆಕ್ಕ ಹಾಕಿದರೆ ಆ ಹತ್ತು ಎಂಬುದು ನಿಜದಲ್ಲಿ ಹದಿನೆಂಟರ ಹತ್ತಿರ. ‘ಬಡ್ಡಿ ಉಳಿದ ಅಸಲಿಗೋ, ಪೂರ್ತಿ ಸಾಲಕ್ಕೋ?’ ಎಂಬ ಒಂದೇ ಪ್ರಶ್ನೆ ಕೇಳಿ. ಸಂಬಳದವರಿಗೆ ತಿಂಗಳ ಕಂತು ಸರಿ. ಫಸಲು ಬಂದಾಗ ಮಾತ್ರ ಕಾಸು ಕಾಣುವವರು ಕಡೇಪಕ್ಷ ಆರು ಕಂತಿನ ಹಣವನ್ನು ಪಕ್ಕಕ್ಕೆ ಇಟ್ಟುಕೊಂಡೇ ರುಜು ಹಾಕಬೇಕು.

ವಿದ್ಯುತ್ ಸ್ಕೂಟರಿನ ಬಗ್ಗೆ ಹಲವರು ಕೇಳುತ್ತಾರೆ. ದಿನದ ದೂರ ಗೊತ್ತಾಗಿದ್ದು, ಮನೆಯಲ್ಲಿ ಅರ್ತಿಂಗ್ ಸರಿಯಾಗಿದ್ದು, ರಾತ್ರಿ ಕರೆಂಟು ನಿಲ್ಲುವಂತಿದ್ದರೆ ಓಡಿಸುವ ಖರ್ಚು ಕಡಿಮೆಯೇ. ಕಂಪನಿ ಹೇಳುವ ದೂರ ಹೊರೆಯೊಂದಿಗೆ ಬರುವುದಿಲ್ಲ. ಅದರಲ್ಲಿ ಮೂರನೆಯ ಒಂದು ಪಾಲು ಕಳೆದು ಲೆಕ್ಕ ಹಾಕುವುದು ಕ್ಷೇಮ. ಪಂಪ್‌ಸೆಟ್ಟಿನ ತಂತಿಗೆ ಮಾತ್ರ ಎಂದೂ ಸಿಕ್ಕಿಸಬೇಡಿ.

ಹಳೆಯ ಗಾಡಿ ಕೊಳ್ಳುವವರಿಗೆ

ಹಳೆಯ ಗಾಡಿ ಕೊಳ್ಳುವುದು ತಪ್ಪಲ್ಲ. ನಂಬಿಕೆಯ ಮೆಕ್ಯಾನಿಕ್ ಒಬ್ಬರನ್ನು ಜೊತೆಗೆ ಕರೆದೊಯ್ಯಿರಿ. ಎಂಜಿನ್ ತಣ್ಣಗಿರುವಾಗಲೇ ಚಾಲೂ ಮಾಡಿಸಿ ನೋಡಿ. ಮೊದಲೇ ಬಿಸಿ ಮಾಡಿಟ್ಟಿದ್ದರೆ ಅನುಮಾನ ಪಡಿ. ಹೊಗೆ ನೀಲಿಯಾಗಿದ್ದರೆ ಎಂಜಿನ್ ಆಯಿಲ್ ಸುಡುತ್ತಿದೆ ಎಂದರ್ಥ. ನೇರ ರಸ್ತೆಯಲ್ಲಿ ಗಾಡಿ ಒಂದು ಪಕ್ಕಕ್ಕೆ ಎಳೆದರೆ ಬಿದ್ದ ಗಾಡಿ ಇರಬಹುದು.

ಆರ್.ಸಿ.ಯಲ್ಲಿರುವ ಚಾಸಿ ನಂಬರು, ಎಂಜಿನ್ ನಂಬರುಗಳನ್ನು ಗಾಡಿಯ ಮೇಲಿನವಕ್ಕೆ ತಾಳೆ ನೋಡಿ. ಸಾಲದ ಗಾಡಿಯಾಗಿದ್ದರೆ ಸಾಲ ತೀರಿದ ಪತ್ರವನ್ನೂ ಫಾರಂ 35ನ್ನೂ ಕೇಳಿ ಪಡೆಯಿರಿ. ಫಾರಂ 29, 30ಕ್ಕೆ ಮಾರುವವನ ರುಜು ಮಾಡಿಸಿ ಮೂವತ್ತು ದಿನದೊಳಗೆ ಆರ್.ಟಿ.ಓ.ದಲ್ಲಿ ಹೆಸರು ಬದಲಾಯಿಸಿಕೊಳ್ಳಬೇಕು. ಮಾರುವವರಿಗೂ ಇದು ಮುಖ್ಯ. ಹೆಸರು ಬದಲಾಗದ ಗಾಡಿ ಯಾರಿಗಾದರೂ ಗುದ್ದಿದರೆ ಪರಿಹಾರದ ನೋಟೀಸು ಬರುವುದು ಆರ್.ಸಿ.ಯಲ್ಲಿ ಹೆಸರಿದ್ದವರ ಮನೆಗೇ.

ಕೊಂಡ ಮೇಲೆ

ವಾರಕ್ಕೊಮ್ಮೆ ಎತ್ತಿನ ಮೈ ತೊಳೆಯುವ ಅಭ್ಯಾಸ ನಮ್ಮದು. ಗಾಡಿಗೂ ವಾರಕ್ಕೆ ಹತ್ತು ನಿಮಿಷ ಕೊಡಬೇಕು. ಟೈರಿನ ಗಾಳಿ, ಚೈನಿನ ಸಡಿಲು, ಬ್ರೇಕ್ ಶೂ ಸವೆತ, ಹಿಂದಿನ ದೀಪ, ಇಷ್ಟು ನೋಡಿದರೆ ಸಾಕು. ಹೊರೆ ಇದ್ದಾಗ ಹಿಂದಿನ ಟೈರಿಗೆ ಹೆಚ್ಚು ಗಾಳಿ ಬೇಕು. ಎಷ್ಟೆಂದು ಪುಸ್ತಕದಲ್ಲೇ ಇದೆ. ಹೊರೆ ಹಿಂದಿನ ದೀಪವನ್ನು ಮುಚ್ಚಿದರೆ ನಸುಕಿನ ಲಾರಿಯವನಿಗೆ ನೀವು ಕಾಣುವುದಿಲ್ಲ. ಹೊರೆಯ ಮೇಲೆಯೇ ಕೆಂಪು ಹೊಳಪಿನ ಪಟ್ಟಿಯೊಂದನ್ನು ಕಟ್ಟಿ.

ಹೆಲ್ಮೆಟ್ ಎರಡು ಬೇಕು. ಕರ್ನಾಟಕದಲ್ಲಿ 2016ರಿಂದ ಹಿಂದೆ ಕೂರುವವರಿಗೂ ಅದು ಕಡ್ಡಾಯ. ಐ.ಎಸ್.ಐ. ಗುರುತು ನೋಡಿ ಕೊಳ್ಳಿ, ಗದ್ದದ ಪಟ್ಟಿ ಬಿಗಿಯಿರಿ. ಪಟ್ಟಿ ಹಾಕದ ಹೆಲ್ಮೆಟ್ ಬಿದ್ದಾಗ ತಲೆಗಿಂತ ಮೊದಲು ಹಾರಿಹೋಗುತ್ತದೆ.

ಎಲುಬು ಕೂಡಿದ ಮೇಲೆ ನಾನು ಆ ಗಾಡಿಯನ್ನು ಮಾರಿದೆ. ಕೊಂಡ ಬೆಲೆಯ ಅರ್ಧವೂ ಬರಲಿಲ್ಲ. ಈಗ ಇರುವುದು ನೂರು ಸಿ.ಸಿ.ಯ ಸಾದಾ ಗಾಡಿ. ಎರಡು ಪಕ್ಕಕ್ಕೂ ಕಬ್ಬಿಣದ ಕ್ಯಾರಿಯರ್ ಹಾಕಿಸಿದ್ದೇನೆ, ಹೊರೆ ನನ್ನ ಸೊಂಟಕ್ಕಿಂತ ಮೇಲೆ ಬರುವುದಿಲ್ಲ. ಮಾರುಕಟ್ಟೆಗೆ ಹತ್ತು ಕಟ್ಟು ಕಡಿಮೆ ಹೋಗುತ್ತದೆ. ಮಗ ಮೊದಮೊದಲು ಮುಖ ಸಿಂಡರಿಸಿದ. ಈಗ ವಾರಕ್ಕೊಮ್ಮೆ ಚೈನು ನೋಡುವವನು ಅವನೇ. ಕೋಣನಕುಂಟೆ ಕ್ರಾಸಿಗೆ ಬಂದಾಗ ಇಬ್ಬರೂ ವೇಗ ಇಳಿಸುತ್ತೇವೆ.