ಡಿಗ್ರಿಗೆ ಅವಸರ, ಬಾಗಿಲಿಗೆ ಅವಸರವಿಲ್ಲ

“ಸರ್, ಐದೇ ಸೆಮ್‌ಗೆ ಡಿಗ್ರಿ ಮುಗಿಸಬಹುದಂತೆ, ಹೌದಾ?”

ತುಮಕೂರು ಕಡೆಯ ಕಾಲೇಜೊಂದರ ಆಫೀಸಿನಲ್ಲಿ ಗೆಳೆಯನಿಗಾಗಿ ಕಾಯುತ್ತಾ ಕೂತಿದ್ದಾಗ ಕಿವಿಗೆ ಬಿದ್ದ ಮಾತು. ಕೇಳಿದವಳು ಬಿ.ಕಾಂ. ಎರಡನೇ ಸೆಮಿಸ್ಟರಿನ ಹುಡುಗಿ. ಹಿರಿಯ ಗುಮಾಸ್ತರು ಕನ್ನಡಕ ಮೇಲೇರಿಸಿ, “ಯಾಕಮ್ಮಾ, ಮದುವೆ ಗೊತ್ತಾಯ್ತಾ?” ಎಂದರು. ಹುಡುಗಿ ನಗಲಿಲ್ಲ. “ತಪ್ಪಿಸ್ಕೊಳ್ಳಕ್ಕೇ ಸರ್. ಡಿಗ್ರಿ ಕೈಗೆ ಬಂದ್ರೆ ಬ್ಯಾಂಕ್ ಎಕ್ಸಾಮ್ ಬರೀತೀನಿ.” ಗುಮಾಸ್ತರಿಗೆ ಬೇರೆಯದೇ ಚಿಂತೆ ಹತ್ತಿತು. “ಹಂಗಾದ್ರೆ ಮೂರನೇ ವರ್ಷದ ಫೀಸು ಅರ್ಧ ಕಟ್ತೀಯೋ, ಪೂರ್ತಿ ಕಟ್ತೀಯೋ?” ಈ ಪ್ರಶ್ನೆಗೆ ಆಫೀಸಿನಲ್ಲಿ ಯಾರ ಬಳಿಯೂ ಉತ್ತರವಿರಲಿಲ್ಲ. ನನಗಂತೂ ಅದು ಹುಡುಗಿಯ ಪ್ರಶ್ನೆಗಿಂತ ಗಟ್ಟಿಯಾಗಿ ಕಂಡಿತು.

ಅವಳು ಕೇಳಿದ್ದು ಗಾಳಿಮಾತಲ್ಲ. 2024ರ ನವೆಂಬರಿನಲ್ಲಿ ಯುಜಿಸಿ ಒಪ್ಪಿಗೆ ಕೊಟ್ಟ ನಿಯಮವಿದೆ. ಮೂರು ವರ್ಷದ ಪದವಿಯನ್ನು ಐದು ಸೆಮಿಸ್ಟರಿನಲ್ಲಿ, ನಾಲ್ಕು ವರ್ಷದ್ದನ್ನು ಆರೋ ಏಳೋ ಸೆಮಿಸ್ಟರಿನಲ್ಲಿ ಮುಗಿಸಬಹುದು. ಮಂಜೂರಾದ ಸೀಟುಗಳಲ್ಲಿ ಶೇ 10ರಷ್ಟು ಮಂದಿಗೆ ಮಾತ್ರ ಅವಕಾಶ. ಒಂದನೇ ಅಥವಾ ಎರಡನೇ ಸೆಮಿಸ್ಟರ್ ಮುಗಿದಾಗ ಹೇಳಿಕೊಳ್ಳಬೇಕು, ಸಮಿತಿಯೊಂದು ಯೋಗ್ಯತೆ ನೋಡಿ ಆರಿಸುತ್ತದೆ. ನಮ್ಮ ರಾಜ್ಯದಲ್ಲಿ 2021–22ರಲ್ಲಿ ಬಂದ ನಾಲ್ಕು ವರ್ಷದ ಪದ್ಧತಿ 2024–25ಕ್ಕೆ ಮತ್ತೆ ಮೂರಕ್ಕೆ ಇಳಿದ ಕತೆ ಎಲ್ಲರಿಗೂ ಗೊತ್ತಿದೆ, ಬಿಡಿ.

ಕಡಿಮೆಯಾಗುವುದು ಕ್ಯಾಲೆಂಡರ್ ಮಾತ್ರ, ಹೊರೆ ಅಷ್ಟೇ ಇರುತ್ತದೆ. ಮೂರು ವರ್ಷಕ್ಕೆ 120 ಕ್ರೆಡಿಟ್ ಎಂದರೆ ಸೆಮಿಸ್ಟರಿಗೆ 20. ಎರಡು ಸೆಮಿಸ್ಟರ್ ಮಾಮೂಲಿನಂತೆ ಓದಿ ಆಮೇಲೆ ವೇಗ ಹಿಡಿದರೆ, ಉಳಿದ 80ನ್ನು ಮೂರೇ ಸೆಮಿಸ್ಟರಿನಲ್ಲಿ ಹೊರಬೇಕು. ಒಂದೊಂದಕ್ಕೂ ಹತ್ತಿರಹತ್ತಿರ 27. ಇಷ್ಟೆಲ್ಲ ಬೆವರು ಸುರಿಸಿ ಉಳಿಸಿದ ಆರು ತಿಂಗಳು ಬೀಳುವುದು ಎಲ್ಲಿ? ಶೈಕ್ಷಣಿಕ ವರ್ಷದ ನಟ್ಟನಡುವೆ. ಎಂ.ಕಾಂ., ಬಿ.ಇಡಿ. ಪ್ರವೇಶ ಶುರುವಾಗುವುದು ಆರನೇ ಸೆಮಿಸ್ಟರಿನವರು ಹೊರಬಿದ್ದ ಮೇಲೆ. ಇನ್ನು ನೌಕರಿ ಎಂದರೆ ಬ್ಯಾಂಕ್ ಪಿ.ಒ. ಪರೀಕ್ಷೆಗೆ ವಯಸ್ಸು ಕನಿಷ್ಠ 20 ತುಂಬಿರಬೇಕು, ಯುಪಿಎಸ್‌ಸಿ ನಾಗರಿಕ ಸೇವಾ ಪರೀಕ್ಷೆಗೆ 21. ಡಿಗ್ರಿ ಓಡಿ ಬಂದರೂ ಬಾಗಿಲು ತನ್ನ ಹೊತ್ತಿಗೇ ತೆರೆಯುತ್ತದೆ.

ಇಲ್ಲಿ ನನಗೆ ಸರ್ ಸಿ.ವಿ. ರಾಮನ್ ನೆನಪಾಗುತ್ತಾರೆ. ಹನ್ನೊಂದಕ್ಕೆ ಮೆಟ್ರಿಕ್ಯುಲೇಷನ್. 1904ರಲ್ಲಿ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಿಂದ ಮೊದಲ ಸ್ಥಾನದಲ್ಲಿ ಬಿ.ಎ.; ವಯಸ್ಸು ಹದಿನಾರರ ಆಸುಪಾಸು. ಇಂಗ್ಲಿಷ್ ಪಾಠದ ಎಲಿಯಟ್ ಮೇಷ್ಟರು ಆ ಪುಟ್ಟ ಹುಡುಗನನ್ನು ಕಂಡು, ನೀನು ಬಿ.ಎ. ತರಗತಿಯವನೇ ಎಂದು ವಿಚಾರಿಸಿದ ಪ್ರಸಂಗ ಅವರ ಜೀವನಚರಿತ್ರೆಗಳಲ್ಲಿ ಬರುತ್ತದೆ. ಗಮನಿಸಿ, ರಾಮನ್ ಕೋರ್ಸನ್ನು ಮೊಟಕು ಮಾಡಿದವರಲ್ಲ, ಬೇಗ ಬಸ್ಸು ಹತ್ತಿದವರು. ಎಂ.ಎ. ಓದುತ್ತಿದ್ದಾಗಲೇ, 1906ರಲ್ಲಿ, ‘ಫಿಲಾಸಫಿಕಲ್ ಮ್ಯಾಗಜೀನ್’ನಲ್ಲಿ ಅವರ ಮೊದಲ ಲೇಖನ ಅಚ್ಚಾಯಿತು. ಇಂಗ್ಲೆಂಡಿಗೆ ಹೋಗೋಣವೆಂದರೆ, ಅಲ್ಲಿನ ಹವೆ ಈ ಮೈಗೆ ತಡೆಯದು ಎಂದುಬಿಟ್ಟರು ಮದರಾಸಿನ ಸಿವಿಲ್ ಸರ್ಜನ್. ಮತ್ತೇನು ಮಾಡುವುದು? ಹಣಕಾಸು ಸೇವೆಯ ಪರೀಕ್ಷೆ ಬರೆದರು, ಅದರಲ್ಲೂ ಮೊದಲಿಗರಾದರು. 1907ರಲ್ಲಿ ಕಲ್ಕತ್ತೆಯಲ್ಲಿ ಸಹಾಯಕ ಅಕೌಂಟೆಂಟ್ ಜನರಲ್ ಆದಾಗ ವಯಸ್ಸು 18. ಇವತ್ತಾಗಿದ್ದರೆ ನಾಗರಿಕ ಸೇವಾ ಪರೀಕ್ಷೆಯ ಅರ್ಜಿಯೇ ತಿರಸ್ಕೃತ!

ಆದರೂ ನನ್ನನ್ನು ಕಾಡುವುದು ಆಮೇಲಿನ ಹತ್ತು ವರ್ಷ. ಅಷ್ಟು ಬೇಗ ಪದವಿ ಪಡೆದು ಉಳಿಸಿದ ಕಾಲವೆಲ್ಲ ಸರ್ಕಾರದ ಲೆಕ್ಕಪತ್ರಕ್ಕೆ ಹೋಯಿತು. ಸಂಶೋಧನೆಗೆ ಉಳಿದದ್ದು ಆಫೀಸಿನ ಆಚೀಚಿನ ಹೊತ್ತು, ಬೌಬಜಾರ್ ರಸ್ತೆಯ ಪ್ರಯೋಗಶಾಲೆಯಲ್ಲಿ. 1917ರಲ್ಲಿ ಕಡಿಮೆ ಸಂಬಳಕ್ಕೆ ಕಲ್ಕತ್ತಾ ವಿಶ್ವವಿದ್ಯಾಲಯದ ಪಾಲಿತ್ ಪ್ರೊಫೆಸರ್ ಆದ ಮೇಲೆಯೇ ಹಗಲು ಅವರದಾದದ್ದು.

ನಿಜಕ್ಕೂ ಕೋರ್ಸು ಮೊಟಕು ಮಾಡಿದವರು ಬೇಕೆಂದರೆ ಭೌತವಿಜ್ಞಾನಿ ಓಪನ್‌ಹೈಮರ್ ಇದ್ದಾರೆ. ಹಾರ್ವರ್ಡಿನ ನಾಲ್ಕು ವರ್ಷವನ್ನು ಮೂರರಲ್ಲಿ ಮುಗಿಸಿ 1925ರಲ್ಲಿ ಹೊರಬಂದರು. ಭೌತಶಾಸ್ತ್ರದ ಮೇಲ್ದರ್ಜೆಗೆ ನೇರ ಪ್ರವೇಶ ಕೇಳಿ, ತಾನು ಓದಿದ ಪುಸ್ತಕಗಳ ಉದ್ದನೆಯ ಪಟ್ಟಿ ಕೊಟ್ಟಿದ್ದರಂತೆ. ಇವನ್ನೆಲ್ಲ ಓದಿದ್ದೇನೆನ್ನುವುದು ಸುಳ್ಳಿರಬೇಕು, ಹೆಸರು ತಿಳಿದಿದ್ದಕ್ಕೇ ಡಾಕ್ಟರೇಟ್ ಕೊಡಬಹುದು ಎಂದು ಪ್ರೊಫೆಸರೊಬ್ಬರು ಚಟಾಕಿ ಹಾರಿಸಿದ್ದು ಪ್ರಸಿದ್ಧ. ಅವಸರದ ಓದು ಭೌತಶಾಸ್ತ್ರದ ಬುನಾದಿಯಲ್ಲಿ ತೂತು ಬಿಟ್ಟಿತ್ತೆಂದು ಮುಂದೆ ಅವರೇ ಒಪ್ಪಿಕೊಂಡರು.

ಯುಜಿಸಿಯ ಅದೇ ನಿಯಮದಲ್ಲಿ ಇನ್ನೊಂದು ದಾರಿಯೂ ಇದೆ: ಎರಡು ಸೆಮಿಸ್ಟರಿನವರೆಗೆ ನಿಧಾನವಾಗಿ ಓದುವುದು. ದುಡಿಯುತ್ತಾ ಓದುವವರಿಗೆ, ಮನೆಯಲ್ಲಿ ಕಾಯಿಲೆ ಬಿದ್ದವರನ್ನು ನೋಡಿಕೊಳ್ಳುವವರಿಗೆ ಇದು ವರ. ನನ್ನ ಪಕ್ಷಪಾತ ಇದರ ಕಡೆಗೇ. ಆದರೆ ಆ ಆಫೀಸಿನಲ್ಲಿ ಇದನ್ನು ಕೇಳಿದವರಿಲ್ಲ ಎಂದ ಗೆಳೆಯ. ಬೇಗ ಮುಗಿಸಿದರೂ ತಡವಾಗಿ ಮುಗಿಸಿದರೂ ಪದವಿಯ ದಾಖಲೆಯಲ್ಲಿ ಹಾಗೆಂದು ಒಂದು ಷರಾ ಬೀಳುತ್ತದೆ. ನೌಕರಿಗೆ ಎರಡೂ ಮಾಮೂಲಿ ಪದವಿಗೆ ಸಮ ಎನ್ನುತ್ತದೆ ನಿಯಮ. ಸಂದರ್ಶನದ ಮೇಜಿನಾಚೆ ಕೂತವರು ಆ ಎರಡು ಷರಾಗಳನ್ನು ಒಂದೇ ಕಣ್ಣಿನಿಂದ ಓದುತ್ತಾರೆಂದು ನಾನಂತೂ ನಂಬಲಾರೆ.