ಒಂದೇ ಬಾಗಿಲು, ನಲವತ್ತು ಕೀಲಿಕೈ! ಗೊಂಚಲು ಯಾರ ಮನೇಲಿದೆ?

ದಾವಣಗೆರೆ: ಮಂಡಿಪೇಟೆಯ ಒಂದು ಓಣಿ, ಮಹಡಿ ಮೇಲೊಂದು ತೆರಿಗೆ ಲೆಕ್ಕದ ಆಫೀಸು. ಹೆಸರು ಬೇಡ, ಮನುಷ್ಯ ಒಳ್ಳೆಯವರು. ತಿಂಗಳ 18ನೇ ತಾರೀಖು ಸಂಜೆ ನಾವು ಮೆಟ್ಟಿಲು ಹತ್ತಿದಾಗ ಅವರು ತಲೆ ಮೇಲೆ ಕೈಹೊತ್ತು ಕೂತಿದ್ದರು.

"ಏನಾಯ್ತು ಸಾರ್?"

"ಹುಡುಗ ಕೆಲಸ ಬಿಟ್ಟ ನೋಡ್ರಿ. ಬಿಟ್ಟದ್ದಕ್ಕೆ ಬೇಜಾರಿಲ್ಲ. ನಲವತ್ತು ಅಂಗಡಿ ಕೀಲಿಕೈ ಅವನ ಜೇಬಿನಾಗೆ ಹೋದವು!"

ವಿಷಯ ಹೀಗಿದೆ. 2017ರ ಜುಲೈ 1ರಂದು ಜಿಎಸ್‌ಟಿ ಬಂದ ಮೇಲೆ ಪ್ರತಿ ವ್ಯಾಪಾರಿಗೂ ಒಂದು ಯೂಸರ್ ಐಡಿ, ಒಂದು ಪಾಸ್‌ವರ್ಡ್. ವೆಬ್‌ಸೈಟು ಮಾತ್ರ ಎಲ್ಲರಿಗೂ ಒಂದೇ. ನಮ್ಮ ವ್ಯಾಪಾರಿಗಳು ಮಾಡುವುದೇನು? ಐಡಿ, ಪಾಸ್‌ವರ್ಡ್ ಎರಡನ್ನೂ ಚೀಟಿಯಲ್ಲಿ ಬರೆದು ಲೆಕ್ಕದವರ ಟೇಬಲ್ ಮೇಲಿಟ್ಟು ಕೈತೊಳೆದುಕೊಳ್ಳುವುದು. ಈ ಆಫೀಸಿನ ಹುಡುಗ ಚೀಟಿ ಹುಡುಕಿ ಬೇಸತ್ತು ಎಲ್ಲವನ್ನೂ ಕಂಪ್ಯೂಟರಿನ ಬ್ರೌಸರ್‌ಗೇ ಒಪ್ಪಿಸಿದ. "ಸೇವ್ ಮಾಡಲೇ?" ಎಂದು ಅದು ಕೇಳಿತು, ಇವನು ಹೂಂ ಅಂದ. ನಲವತ್ತು ಸಲ ಹೂಂ ಅಂದ.

ಮೊದಲ ಎಡವಟ್ಟು ಇಲ್ಲೇ. ಬ್ರೌಸರ್‌ಗೆ ಗೊತ್ತಿರೋದು ಬಾಗಿಲು ಯಾವುದು ಅಂತ, ಕೀಲಿ ಯಾವ ಸಾಹುಕಾರರದ್ದು ಅಂತ ಅಲ್ಲ. ಲಾಗಿನ್ ಪುಟ ತೆರೆದರೆ ಬರೀ ಯೂಸರ್ ಐಡಿಗಳ ಉದ್ದ ಪಟ್ಟಿ ಇಳಿಬೀಳುತ್ತದೆ. ಆ ಐಡಿಗಳೋ, ನೋಂದಣಿ ದಿನ ಯಾರೋ ಅವಸರದಲ್ಲಿ ಇಟ್ಟವು. ಎಸ್‌ಬಿಟಿ2017 ಅಂದರೆ ಅಕ್ಕಿ ಮಂಡಿಯೋ, ಬಟ್ಟೆ ಅಂಗಡಿಯೋ? ಬ್ರಹ್ಮನೇ ಬಲ್ಲ.

ಎರಡನೆಯದು ಇನ್ನೂ ಕೆಟ್ಟದ್ದು. ಒಬ್ಬರ ಪಾಸ್‌ವರ್ಡ್ ಬದಲಾಯಿಸುವ ಪುಟದಲ್ಲಿ ಐಡಿ ಬರೆಯುವ ಜಾಗವೇ ಇಲ್ಲದಿದ್ದರೆ, ಬ್ರೌಸರ್ ತಾನೇ ಊಹೆ ಮಾಡಿ "ಅಪ್‌ಡೇಟ್ ಮಾಡಲೇ?" ಎಂದು ಬೇರೆಯವರ ಐಡಿ ತೋರಿಸುವುದುಂಟು. ಅದೇ ಡಬ್ಬಿಯಲ್ಲಿ ಸರಿಯಾದ ಐಡಿ ಆರಿಸಿಕೊಳ್ಳಬಹುದು. ಆದರೆ ರಿಟರ್ನ್ ಗಡಿಬಿಡಿಯಲ್ಲಿ ಯಾರು ಓದುತ್ತಾರೆ ಸ್ವಾಮಿ? ಹುಡುಗ ಒತ್ತಿದ. ಹೀಗೆ ಮೂವರ ಹಳೇ ಪಾಸ್‌ವರ್ಡ್ ಅಳಿಸಿಹೋಗಿ, ಆ ಜಾಗದಲ್ಲಿ ಬೇರೆಯವರದ್ದು ಕೂತಿತು.

ಮೂರನೆಯದಕ್ಕೇ ತಲೆ ಮೇಲೆ ಕೈ. ಆಫೀಸಿನ ಬ್ರೌಸರ್‌ನಲ್ಲಿ ಹುಡುಗ ತನ್ನ ಸ್ವಂತ ಈಮೇಲ್ ಖಾತೆ ಹಾಕಿಕೊಂಡಿದ್ದ. ಸಿಂಕ್ ಎಂಬ ವ್ಯವಸ್ಥೆಯಿಂದ ನಲವತ್ತೂ ಕೀಲಿ ಅವನ ಮನೆಯ ಮೊಬೈಲಿಗೆ ತಾವಾಗಿಯೇ ಹೋಗಿದ್ದವು. ಹುಡುಗ ಕಳ್ಳನಲ್ಲ. "ಅಣ್ಣಾರೆ, ನಿಮ್ಮವೆಲ್ಲ ನನ್ ಫೋನಿನಾಗೆ ಕಾಣ್ತಾವೆ, ಏನ್ ಮಾಡ್ಲಿ?" ಎಂದು ಅವನೇ ಫೋನ್ ಮಾಡಿ ತಿಳಿಸಿದ. ಎಲ್ಲ ಹುಡುಗರೂ ಹೀಗೇ ಇರುತ್ತಾರೆಯೇ? ಇನ್ನೊಬ್ಬರ ಪಾಸ್‌ವರ್ಡನ್ನು ಮೋಸಕ್ಕೆ ಬಳಸಿದರೆ ಐಟಿ ಕಾಯ್ದೆಯ 66ಸಿ ಕಲಮಿನಲ್ಲಿ 3 ವರ್ಷದವರೆಗೆ ಜೈಲು, 1 ಲಕ್ಷದವರೆಗೆ ದಂಡ ಇದೆ, ಸರಿ. ಆದರೆ ಅದು ಮೋಸ ಆದ ಮೇಲಿನ ಮಾತಾಯಿತು.

ಅಂದು ರಾತ್ರಿ ಮಂಡಕ್ಕಿ ತರಿಸಿ ಕೂತೆವು. ಲೆಕ್ಕದವರ ಮಗಳು ಕಾಲೇಜು ಓದುವವಳು, ನಮಗಿಂತ ಚುರುಕು. ಬ್ರೌಸರ್ ಬಿಟ್ಟು ಕೀಪಾಸ್ ಎಂಬ ಉಚಿತ ತಂತ್ರಾಂಶ ಹಾಕಿದಳು. ಬಿಟ್‌ವಾರ್ಡನ್ ಕೂಡ ಇದೇ ಕೆಲಸಕ್ಕೆ ಆಗುತ್ತದೆ. ಕೀಪಾಸ್‌ನಲ್ಲಾದರೆ ಗೊಂಚಲು ನಮ್ಮ ಕಂಪ್ಯೂಟರಿನಲ್ಲೇ ಬೀಗ ಹಾಕಿದ ಒಂದು ಫೈಲಾಗಿ ಇರುತ್ತದೆ. ಮುಖ್ಯವಾದದ್ದು, ಒಂದೇ ವೆಬ್‌ಸೈಟಿನ ಪ್ರತಿ ಲಾಗಿನ್ನಿಗೂ ಬೇರೆ ಹೆಸರು ಕೊಡಬಹುದು. ಆಕೆ ಐಡಿ ನೋಡಿ ಹೆಸರಿಡಲಿಲ್ಲ. ಅಂಗಡಿ ಹೆಸರು, ಮಾಲೀಕರ ಹೆಸರು, ಜಿಎಸ್‌ಟಿ ನಂಬರಿನ ಕೊನೆಯ ನಾಲ್ಕು ಅಕ್ಷರ, ಇಷ್ಟನ್ನು ಸೇರಿಸಿಟ್ಟಳು. ಒಬ್ಬರೇ ಮಾಲೀಕರಿಗೆ ಎರಡು ಅಂಗಡಿ ಇದ್ದರೂ ಗೊಂದಲವಿಲ್ಲ. ಓಟಿಪಿ ಯಾರ ಫೋನಿಗೆ ಬರುತ್ತದೆ ಎಂಬುದು ಟಿಪ್ಪಣಿ ಜಾಗಕ್ಕೆ. ಪಾಸ್‌ವರ್ಡ್ ಬದಲಿಸಿದರೆ ಹಳೆಯದೂ ಚರಿತ್ರೆಯಲ್ಲಿ ಉಳಿಯುತ್ತದೆ. ಮುಖ್ಯ ಪಾಸ್‌ವರ್ಡ್ ಮರೆತರೆ ಮಾತ್ರ ಯಾವ ದೇವರೂ ತೆಗೆದುಕೊಡಲಾರ.

ಆಮೇಲೆ ಬ್ರೌಸರ್‌ನಲ್ಲಿ ಇದ್ದದ್ದನ್ನೆಲ್ಲ ಅಳಿಸಿ, ಮೂವತ್ತೇಳು ಮಂದಿಯ ಪಾಸ್‌ವರ್ಡ್ ಒಂದೊಂದಾಗಿ ಬದಲಿಸಿದ್ದಾಯಿತು. ಅಳಿಸಿಹೋದ ಮೂರಕ್ಕೆ 'ಪಾಸ್‌ವರ್ಡ್ ಮರೆತಿದೆ' ಒತ್ತಿ ವ್ಯಾಪಾರಿಗೆ ಫೋನು. ಒಬ್ಬ ಸಾಹುಕಾರರು ಗದರಿದರು: "ಓಟಿಪಿ ಯಾರಿಗೂ ಹೇಳಬ್ಯಾಡ್ರಿ ಅಂತ ಬ್ಯಾಂಕ್‌ನೋರು ಅಂತಾರೆ, ನೀವು ರಾತ್ರಿ ಹತ್ತಕ್ಕೆ ಕೇಳ್ತೀರಲ್ರೀ!" ಅವರ ಮಾತೂ ನ್ಯಾಯವೇ.

ಅಸಲು, ಈ ಗೊಂಚಲೇ ಬೇಡ ಎನ್ನುವ ದಾರಿಯೊಂದಿದೆ. ಜಿಎಸ್‌ಟಿ ಪ್ರಾಕ್ಟೀಷನರ್ ಆಗಿ ನೋಂದಾಯಿಸಿಕೊಂಡವರಿಗೆ ತಮ್ಮದೇ ಲಾಗಿನ್ ಇರುತ್ತದೆ. ವ್ಯಾಪಾರಿ ತನ್ನ ಖಾತೆಯಿಂದ ಅವರನ್ನು ನೇಮಿಸಿದರೆ ಸಾಕು, ಪಾಸ್‌ವರ್ಡ್ ಕೊಡಬೇಕಿಲ್ಲ. ಯಾಕೆ ಮಾಡಿಲ್ಲ ಎಂದು ಕೇಳಿದೆವು. "ಯಾರು ಲಾಗಿನ್ ಆಗಿ ಒತ್ತುತಾರ್ರಿ? 'ನೀವೇ ನೋಡ್ಕಳ್ರಿ' ಅಂತಾರೆ" ಎಂದು ನಕ್ಕರು. ತಪ್ಪು ಎರಡೂ ಕಡೆಯದ್ದೆಂದೇ ನಮ್ಮ ಅಭಿಪ್ರಾಯ.

20ನೇ ತಾರೀಖಿನೊಳಗೆ ಮೂವತ್ತೊಂಬತ್ತು ಜನರ ರಿಟರ್ನ್ ಹೋದವು. ಉಳಿದ ಒಂದರಲ್ಲಿ ನಮೂದಾಗಿರುವ ಫೋನೂ ಈಮೇಲೂ ಎಂದೋ ಬಿಟ್ಟುಹೋದ ಗುಮಾಸ್ತನದ್ದು, ಓಟಿಪಿ ಅವನಿಗೇ ಹೋಗುತ್ತದೆ. ಅದನ್ನು ಬದಲಿಸಲು ಮಾಲೀಕರೇ ದಾಖಲೆ ಹಿಡಿದು ತಮ್ಮ ವ್ಯಾಪ್ತಿಯ ತೆರಿಗೆ ಅಧಿಕಾರಿಯ ಬಳಿ ಹೋಗಬೇಕು. ಅಲ್ಲಿವರೆಗೆ ದಿನಕ್ಕೆ 50 ರೂಪಾಯಿ ತಡದ ಶುಲ್ಕ, ಕಟ್ಟಬೇಕಾದ ತೆರಿಗೆಗೆ ಬಡ್ಡಿ ಬೇರೆ. ನಾವು ಇದನ್ನು ಬರೆಯುವ ಹೊತ್ತಿಗೆ ಮಾಲೀಕರು ಇನ್ನೂ ಗುಮಾಸ್ತನ ಮನೆ ಹುಡುಕುತ್ತಿದ್ದರು.