ಸಸ್ಯದ ಬಣ್ಣದಿಂದ ವಿದ್ಯುಚ್ಛಕ್ತಿ

ಅರಿಸಿನದಲ್ಲಿ ಅದ್ದಿದ ಬಟ್ಟೆಯು ಬಿಸಿಲಿನಲ್ಲಿ ಬಹುಬೇಗ ಬಣ್ಣಗೆಡುವುದನ್ನು ಎಲ್ಲರೂ ಕಂಡಿರುವರು. ಸಸ್ಯದ ಬಣ್ಣವು ಬೆಳಕನ್ನು ಹೀರುವುದು. ಹೀರಿದ ಬೆಳಕಿನಿಂದಲೇ ಕ್ರಮೇಣ ಕೆಡುವುದು. ಇಂತಹ ಬಣ್ಣಗಳ ನೆರವಿನಿಂದ ವಿದ್ಯುಚ್ಛಕ್ತಿಯನ್ನು ಪಡೆಯುವ ಪ್ರಯೋಗಗಳು ನಡೆಯುತ್ತಿರುವುದರಿಂದ, ಬಣ್ಣದ ಗಿಡಗಳನ್ನು ಬೆಳೆದರೆ ಲಾಭವುಂಟೇ ಎಂಬ ಪ್ರಶ್ನೆಯು ಜಮೀನುದಾರರಲ್ಲಿ ಏಳುವುದು ಸಹಜ. ಆದಕಾರಣ ಇದರ ತತ್ತ್ವವನ್ನು ಇಲ್ಲಿ ವಿವರಿಸಲಾಗಿದೆ.

ಗೋಡೆಗೆ ಬಳಿಯುವ ಬಿಳಿಯ ಬಣ್ಣಗಳಲ್ಲಿ ಸೇರಿಸುವ ಟೈಟಾನಿಯಂ ಡೈಆಕ್ಸೈಡ್ ಎಂಬ ಪುಡಿಯು ಒಂದು ಅರೆವಾಹಕ ವಸ್ತು. ಎಂದರೆ, ವಿದ್ಯುತ್ತನ್ನು ತಾಮ್ರದಂತೆ ಸರಾಗವಾಗಿ ಹರಿಯಗೊಡದು, ಗಾಜಿನಂತೆ ಪೂರ್ತಿಯಾಗಿ ತಡೆಯಲೂ ತಡೆಯದು. ಇದು ಕಣ್ಣಿಗೆ ಕಾಣದ ಅತಿನೇರಳೆ ಕಿರಣಗಳನ್ನು ಮಾತ್ರ ಹೀರಿಕೊಂಡು, ಕಾಣುವ ಬೆಳಕನ್ನೆಲ್ಲ ಚೆದರಿಸುವುದರಿಂದಲೇ ಬೆಳ್ಳಗಿರುವುದು. ಬಿಸಿಲಿನ ಶಕ್ತಿಯಲ್ಲಿ ಅತಿನೇರಳೆಯ ಪಾಲು ನೂರಕ್ಕೆ ಸುಮಾರು 5 ಮಾತ್ರ. ಉಳಿದ ಬೆಳಕನ್ನೂ ಉಪಯೋಗಿಸಬೇಕಾದರೆ ಪುಡಿಗೆ ಬಣ್ಣ ಹಿಡಿಸಬೇಕು.

ಇದಕ್ಕಾಗಿ ಮಿಲಿಮೀಟರನ್ನು 50,000 ಪಾಲು ಮಾಡಿದರೆ ಒಂದು ಪಾಲಿನಷ್ಟಾಗುವ ಸೂಕ್ಷ್ಮ ಕಣಗಳನ್ನು, ವಿದ್ಯುತ್ ಹರಿಯುವ ಲೇಪವುಳ್ಳ ಗಾಜಿನ ಮೇಲೆ ತೆಳುವಾಗಿ ಬಳಿದು, ಸುಮಾರು 450 ಡಿಗ್ರಿ ಸೆಂಟಿಗ್ರೇಡ್ ಶಾಖದಲ್ಲಿ ಕಾಯಿಸಿ, ದಾಸವಾಳ, ನೇರಳೆ ಅಥವಾ ಪುನರ್ಪುಳಿಯ ರಸದಲ್ಲಿ ನೆನೆಸುವರು. ಕಣಗಳು ಸೂಕ್ಷ್ಮವಾದಷ್ಟೂ ಬಣ್ಣ ಹಿಡಿಯುವ ಮೈ ಹೆಚ್ಚುವುದು. ಪಟಿಕದ ನೆರವಿನಿಂದ ಬಟ್ಟೆಗೆ ಬಣ್ಣ ಕಚ್ಚುವಂತೆ, ರಸದಲ್ಲಿರುವ ಆಂಥೋಸಯನಿನ್ ಎಂಬ ಕೆಂಬಣ್ಣವು ಕಣಗಳ ಲೋಹಾಂಶಕ್ಕೆ ಅಂಟಿಕೊಳ್ಳುವುದು. ಬಿಸಿಲು ಬಿದ್ದೊಡನೆ ಬಣ್ಣವು ಬೆಳಕನ್ನು ಹೀರಿ ವಿದ್ಯುತ್ಕಣಗಳನ್ನು ಪುಡಿಗೆ ಒಪ್ಪಿಸುವುದು. ಅವು ತಂತಿಯ ಮೂಲಕ ಸುತ್ತಿ ಬರುವುವು. ಬಣ್ಣಕ್ಕಾದ ಕೊರತೆಯನ್ನು ಅಯೋಡಿನ್ ದ್ರಾವಣವು ತುಂಬಿಕೊಡುವುದು.

1991ರಲ್ಲಿ ಬ್ರಯನ್ ಒ'ರೀಗನ್ ಅವರೂ ಸ್ವಿಟ್ಜರ್ಲೆಂಡಿನ ಮೈಕೆಲ್ ಗ್ರೆಟ್ಸೆಲ್ ಅವರೂ ಇಂತಹ ಕೋಶದಿಂದ ಬಿಸಿಲಿನ ಶಕ್ತಿಯಲ್ಲಿ ನೂರಕ್ಕೆ 7ರಷ್ಟನ್ನು ವಿದ್ಯುತ್ತಾಗಿ ಪಡೆದರು. ಆದರೆ ಅವರು ಬಳಸಿದುದು ಸಸ್ಯದ ಬಣ್ಣವಲ್ಲ. ರುಥೇನಿಯಂ ಎಂಬ ಲೋಹದಿಂದ ಮಾಡಿದ ಬಣ್ಣ. ಹಣ್ಣುಹೂಗಳ ಬಣ್ಣದಿಂದ ದೊರೆತುದು ಸಾಮಾನ್ಯವಾಗಿ ನೂರಕ್ಕೆ 2ಕ್ಕಿಂತ ಕಡಿಮೆ. ಪೇಟೆಯಲ್ಲಿ ದೊರೆಯುವ ಸಿಲಿಕಾನ್ ಫಲಕಗಳಾದರೋ ನೂರಕ್ಕೆ ಸುಮಾರು 20ರಷ್ಟನ್ನು ಕೊಡುತ್ತಿವೆ. ಮೇಲಾಗಿ ಈ ಬಣ್ಣಗಳೂ ಅರಿಸಿನದಂತೆಯೇ ಬಿಸಿಲಿಗೆ ಮಾಸತಕ್ಕವು.

ಬಣ್ಣದ ಬೆಳೆಯನ್ನು ನೆಚ್ಚಿದುದರ ಫಲವನ್ನು ನಮ್ಮ ದೇಶವು ಹಿಂದೆಯೇ ಕಂಡಿದೆ. 1897ರಲ್ಲಿ ಜರ್ಮನಿಯ ಕೃತಕ ನೀಲಿಯು ಪೇಟೆಗೆ ಬಂದ ಮೇಲೆ ಇಲ್ಲಿಯ ನೀಲಿ ಗಿಡದ ಬೇಸಾಯವು ಕ್ಷೀಣಿಸಿತು. ಆದುದರಿಂದ, ಸೌರವಿದ್ಯುತ್ತಿಗಾಗಿ ಬಣ್ಣ ಕೊಳ್ಳುವೆವೆಂದು ಯಾರಾದರೂ ಬಂದು ಹೇಳಿದರೆ, ಬರಿಯ ಮಾತನ್ನೇ ನಂಬಿ ರಾಗಿ ಜೋಳದ ಹೊಲಗಳನ್ನು ಬಣ್ಣದ ಗಿಡಗಳಿಗೆ ಬಿಡತಕ್ಕದ್ದಲ್ಲ. ಪಾಠಶಾಲೆಯ ಮಕ್ಕಳಿಗೆ ಈ ತತ್ತ್ವವನ್ನು ತೋರಿಸಲು ಬೇಲಿಯ ದಾಸವಾಳವೂ ತೋಪಿನ ನೇರಳೆಯೂ ಸಾಕು. ಗ್ರಾಮದ ಮುಖಂಡರು ಈ ವಿಷಯವನ್ನು ಸಣ್ಣ ಹಿಡುವಳಿದಾರರಿಗೂ ತಿಳಿಯಪಡಿಸಬೇಕಾಗಿ ಕೋರಲಾಗಿದೆ.